ಶನಿವಾರ ಬಾರದ ಮನೆ: ಜೆಫರ್ಸನ್ ಗಡಿಯಾರದ ಮರಿ ನಕಲು ಮಾಡಿದ ಕಥೆ

ನಮ್ಮ ಹಜಾರದಲ್ಲಿ ಎರಡು ವಾರ ಶನಿವಾರವೇ ಬರಲಿಲ್ಲ. ಶುಕ್ರವಾರ ರಾತ್ರಿ ಮಲಗುವಾಗ ಗಡಿಯಾರ ಟಿಕ್ ಟಿಕ್ ಅಂತ ಓಡುತ್ತಿರುತ್ತಿತ್ತು. ಬೆಳಿಗ್ಗೆ ಕಾಫಿಗೆ ಎದ್ದು ಬಂದರೆ ಆರಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ನಿಂತುಬಿಟ್ಟಿರುತ್ತಿತ್ತು. ಮೂಲೆಯಲ್ಲಿ ಗಡಿಯಾರ ಓಡಿಸುವ, ವಾರ ತೋರಿಸುವ ಕಬ್ಬಿಣದ ಗುಂಡು ನೆಲಕ್ಕೆ ಕುಂಡಿ ಊರಿ ಕೂತಿರುತ್ತಿತ್ತು. ಹಗ್ಗ ಸಡಿಲ.

ಮೂವತ್ತು ವರ್ಷ ವಾಚ್ ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿದವನು ನಾನು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚು ಕಡಿಮೆಯಾದರೆ ಮಾಲು ವಾಪಸ್ ಕಳಿಸುತ್ತಿದ್ದೆ. ಅಂಥವನ ಲೆಕ್ಕ ಇಲ್ಲಿ ತಪ್ಪಿದ್ದು ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ. ಹೇಗೆ ಅಂತ ಬರೆದಿಡುತ್ತಿದ್ದೇನೆ. ಇಂಥದ್ದೇ ಹುಚ್ಚು ಇನ್ನೊಬ್ಬರಿಗೆ ಹಿಡಿದರೆ ಉಪಯೋಗಕ್ಕೆ ಬರಲಿ.

ಹುಚ್ಚು ಹತ್ತಿದ್ದು ಅಮೆರಿಕದಲ್ಲಿ. ಮಗ ವರ್ಜೀನಿಯಾದ ರಿಚ್ಮಂಡ್‌ನಲ್ಲಿದ್ದಾನೆ. ಹೋದ ಸಲ ಆರು ತಿಂಗಳಿಗೆ ಹೋಗಿದ್ದಾಗ ಒಂದು ದಿನ ಮಾಂಟಿಸೆಲೊಗೆ ಕರೆದುಕೊಂಡು ಹೋದ. ಷಾರ್ಲಟ್ಸ್‌ವಿಲ್ ಪಕ್ಕದ ಗುಡ್ಡದ ಮೇಲೆ ಥಾಮಸ್ ಜೆಫರ್ಸನ್ ಕಟ್ಟಿಸಿದ ಮನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನು, ಮೂರನೇ ಅಧ್ಯಕ್ಷ. ಮನೆ ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು ಸುಮಾರು ನಲವತ್ತು ವರ್ಷ ನಡೆಯಿತಂತೆ. 1826ರ ಜುಲೈ 4ರಂದು ಆತ ತೀರಿಕೊಂಡಾಗ ತಲೆ ಮೇಲೆ ಬೆಟ್ಟದಷ್ಟು ಸಾಲ. ಮನೆ ಕೈಬಿಟ್ಟು ಹೋಯಿತು. ಆಮೇಲೆ ಲೆವಿ ಅನ್ನುವ ಕುಟುಂಬ 1834ರಲ್ಲಿ ಕೊಂಡು, ಹೆಚ್ಚು ಕಡಿಮೆ ತೊಂಬತ್ತು ವರ್ಷ ಇಟ್ಟುಕೊಂಡಿತ್ತು. 1923ರಲ್ಲಿ ಒಂದು ಪ್ರತಿಷ್ಠಾನ ಕೊಂಡುಕೊಂಡು ವಸ್ತುಸಂಗ್ರಹಾಲಯ ಮಾಡಿತು. ಅವರ ಐದು ಸೆಂಟ್ ನಾಣ್ಯದ ಹಿಂಬದಿಯಲ್ಲಿ ಇರುವುದು ಇದೇ ಮನೆ. ಆ ನಾಣ್ಯದ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಮುಂಬಾಗಿಲು ದಾಟಿದ ಕೂಡಲೇ ಎತ್ತರದ ಹಜಾರ. ನೆಲಕ್ಕೆ ಹುಲ್ಲಿನ ಬಣ್ಣದ ಹಸಿರು ಪೇಂಟು. ಗೋಡೆ ತುಂಬ ಕಾಡುಮೃಗಗಳ ಕೊಂಬು, ನಕ್ಷೆಗಳು. ಎಲ್ಲರೂ ಅವನ್ನೇ ನೋಡುತ್ತಿದ್ದರು. ನಾನು ತಿರುಗಿ ಬಾಗಿಲ ಮೇಲೆ ನೋಡಿದೆ. ಅಲ್ಲಿತ್ತು ಗಡಿಯಾರ.

ಇದನ್ನು ಜೆಫರ್ಸನ್ನೇ ಯೋಚಿಸಿ ಹೇಳಿ ಮಾಡಿಸಿದ್ದು. ಪೀಟರ್ ಸ್ಪ್ರಕ್ ಅನ್ನುವ ಗಡಿಯಾರದ ಕೆಲಸಗಾರ ಫಿಲಡೆಲ್ಫಿಯಾದಲ್ಲಿ 1792–93ರಲ್ಲಿ ತಯಾರಿಸಿದ. ಗಡಿಯಾರದಿಂದ ಹಗ್ಗಗಳು ಎರಡೂ ಪಕ್ಕಕ್ಕೆ ಹೋಗಿ, ಮೂಲೆಯ ರಾಟೆಗಳ ಮೇಲೆ ಹಾದು ಕೆಳಗಿಳಿಯುತ್ತವೆ. ತುದಿಯಲ್ಲಿ ಫಿರಂಗಿ ಗುಂಡಿನಂಥ ಕಬ್ಬಿಣದ ಗುಂಡುಗಳು. ಗಡಿಯಾರ ಓಡಿದಂತೆ ಗುಂಡು ನಿಧಾನಕ್ಕೆ ಇಳಿಯುತ್ತೆ. ಪಕ್ಕದ ಗೋಡೆಯ ಮೇಲೆ ವಾರಗಳ ಹೆಸರು ಬರೆದಿದೆ. ಗುಂಡು ಯಾವ ಹೆಸರಿನ ಹತ್ತಿರ ಇದೆಯೋ ಇವತ್ತು ಆ ವಾರ. ಭಾನುವಾರಕ್ಕೊಮ್ಮೆ ಕೀಲಿ ಕೊಟ್ಟರೆ ಗುಂಡು ಮತ್ತೆ ಮೇಲಕ್ಕೆ. ಹತ್ತಲು ಒಂದು ಮಡಚುವ ಏಣಿ. ಅದೂ ಅಲ್ಲಿನ ಬಡಗಿ ಮನೆಯಲ್ಲೇ ಮಾಡಿದ್ದು.

ತಮಾಷೆ ಇರುವುದು ಶನಿವಾರದಲ್ಲಿ. ಗುಂಡು ಇಳಿಯಲು ಬೇಕಾದ ಉದ್ದಕ್ಕೆ ಹಜಾರದ ಎತ್ತರ ಸಾಲಲಿಲ್ಲ. ಜೆಫರ್ಸನ್ ಏನು ಮಾಡಿದ? ನೆಲದಲ್ಲಿ ತೂತು ಕೊರೆಸಿದ. ಶುಕ್ರವಾರ ಕಳೆದ ಮೇಲೆ ಗುಂಡು ನೆಲದೊಳಗೆ ಇಳಿದು ಹೋಗುತ್ತೆ. ಶನಿವಾರದ ಗುರುತು ಕೆಳಗೆ ನೆಲಮಾಳಿಗೆಯಲ್ಲಿದೆ. ಇವತ್ತಿಗೂ ಹಾಗೇ ಇಟ್ಟಿದ್ದಾರೆ.

ಮಗ ಇದನ್ನು ಕನ್ನಡದಲ್ಲಿ ಹೇಳಿದ. ನಮ್ಮವಳು ಬಗ್ಗಿ ತೂತು ನೋಡಿ, “ಶನಿಯನ್ನ ನೆಲಮಾಳಿಗೆಗೆ ತಳ್ಳಿ ಮೇಲೆ ಆರಾಮಾಗಿದ್ದಾನೆ ನೋಡ್ರೀ, ಜಾಣ” ಅಂದಳು. ನಾವು ಮೂವರೂ ನಕ್ಕಿದ್ದು ನೋಡಿ ಗೈಡ್ ಹೆಂಗಸು ಏನು ವಿಷಯ ಅಂತ ಕೇಳಿದರು. ಏಳರಾಟದ ಶನಿಯನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು? ಬಿಟ್ಟೆವು.

ನನಗೆ ನಗುವಿಗಿಂತ ಜಾಸ್ತಿ ಬಂದಿದ್ದು ಕೊಬ್ಬು. ಮೊದಲೇ ಅಳತೆ ತೆಗೆದಿದ್ದರೆ ನೆಲ ಕೊರೆಯುವ ಗತಿ ಬರುತ್ತಿತ್ತಾ? ನಾನಾಗಿದ್ದರೆ ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಸುತ್ತಳತೆ ಲೆಕ್ಕ ಹಾಕಿ, ಏಳು ದಿನವನ್ನೂ ನೆಲದ ಮೇಲೇ ಮುಗಿಸುತ್ತಿದ್ದೆ ಅಂತ ವಾಪಸ್ ಬರುವಾಗ ಕಾರಿನಲ್ಲಿ ಭಾಷಣ ಬಿಗಿದೆ. “ಹಾಗಾದ್ರೆ ಮಾಡಿ ತೋರಿಸಿ” ಅಂದ ಮಗ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆ ಗಡಿಯಾರಕ್ಕೆ ಎರಡು ಮುಖ. ಒಳಗಿನದರಲ್ಲಿ ಗಂಟೆ, ನಿಮಿಷ, ಸೆಕೆಂಡ್ ಮೂರಕ್ಕೂ ಮುಳ್ಳಿದೆ. ಹೊರಗೆ ಕಂಬದ ಜಗಲಿಗೆ ಕಾಣುವ ಮುಖಕ್ಕೆ ಗಂಟೆ ಮುಳ್ಳು ಒಂದೇ. ಚಾವಣಿಯ ಮೇಲೆ ಚೀನಾದ ಒಂದು ದೊಡ್ಡ ಗಾಂಗ್ ಇದೆ, ನಮ್ಮ ದೇವಸ್ಥಾನದ ಜಾಗಟೆಯ ದೊಡ್ಡಣ್ಣ ಅನ್ನಿ. ಗಂಟೆ ಹೊಡೆದರೆ ದೂರದ ಹೊಲಗಳಿಗೆಲ್ಲ ಕೇಳುತ್ತಿತ್ತು. ಹೊರಗೆ ದುಡಿಯುವವರಿಗೆ ಅಷ್ಟು ಸಾಕು ಅನ್ನುವ ಲೆಕ್ಕ. ದುಡಿಯುತ್ತಿದ್ದವರು ಗುಲಾಮರು. ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಈ ಪುಣ್ಯಾತ್ಮ ಬದುಕಿಡೀ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಸತ್ತ ಮೇಲೆ ಸಾಲ ತೀರಿಸಲು 1827ರ ಜನವರಿಯಲ್ಲಿ ಮೇಜು ಕುರ್ಚಿಗಳ ಜೊತೆ 130 ಜನರನ್ನು ಹರಾಜಿಗೆ ಇಟ್ಟರು. ಸಂಗ್ರಹಾಲಯದವರು ಇದನ್ನು ಮುಚ್ಚಿಡುವುದಿಲ್ಲ, ಗುಲಾಮರು ಇದ್ದ ಸಾಲು ಗುಡಿಸಲುಗಳ ಜಾಗವನ್ನೂ ತೋರಿಸುತ್ತಾರೆ. ನಾನು ಕಾರ್ಖಾನೆಯ ಸೈರನ್ನಿಗೆ ಓಡಿ ದುಡಿದವನು. ಸಂಬಳ ಬರುತ್ತಿತ್ತು, ಐದಕ್ಕೆ ಬಿಡುತ್ತಿದ್ದರು. ಆದರೂ ಆ ಒಂಟಿ ಮುಳ್ಳನ್ನು ನೋಡಿದಾಗ ಏನೋ ಒಂಥರಾ ಆಯಿತು. ನನ್ನ ನಕಲಿನಲ್ಲಿ ಹೊರಮುಖ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಸಾಮಾನು ಹುಡುಕಿದ್ದು

ಬೆಂಗಳೂರಿಗೆ ಬಂದ ಮೇಲೆ ಎರಡು ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಗುಜರಿ ಸಂತೆ ಸುತ್ತಿದೆ. ಮೂರನೇ ಭಾನುವಾರ ಸಿಕ್ಕಿತು: ಆಳೆತ್ತರದ ಹಳೇ ಇಂಗ್ಲಿಷ್ ಗಡಿಯಾರದ ಒಳಗಿನ ಯಂತ್ರ. ಪೆಟ್ಟಿಗೆ ಇಲ್ಲ, ಮುಖ ಇಲ್ಲ. ಗಂಟೆ ಹೊಡೆಯುವ ಕಡೆಯ ಚಕ್ರಗಳನ್ನು ಯಾರೋ ಕಿತ್ತುಕೊಂಡಿದ್ದರು. ಕಾಲ ಓಡಿಸುವ ಕಡೆಯಲ್ಲೂ ಹಿತ್ತಾಳೆಯ ಡ್ರಮ್ ಮಾಯ, ತೂಕಕ್ಕೆ ಹಾಕಿರಬೇಕು. ಆದರೆ ಚಕ್ರದ ಹಲ್ಲುಗಳು ಒಂದೂ ಮುರಿದಿರಲಿಲ್ಲ. ಚೌಕಾಸಿ ಮಾಡಿ 2,800 ರೂಪಾಯಿಗೆ ತಂದೆ. ಮನೆಯಲ್ಲಿ ಎಂಟುನೂರು ಅಂತ ಹೇಳಿದೆ.

ಮೊದಲ ಕೆಲಸ ಹಲ್ಲು ಎಣಿಸುವುದು. ದೊಡ್ಡ ಚಕ್ರಕ್ಕೆ 96 ಹಲ್ಲು. ಅದು ತಿರುಗಿಸುವ ಪಿನಿಯನ್‌ಗೆ, ಅಂದರೆ ಚಿಕ್ಕ ಹಲ್ಲುಚಕ್ರಕ್ಕೆ, 8. ಪಿನಿಯನ್ ಇರುವ ಅಚ್ಚು ನಿಮಿಷದ ಮುಳ್ಳಿನದು, ಗಂಟೆಗೆ ಒಂದು ಸುತ್ತು. ಹಾಗಾದರೆ ದೊಡ್ಡ ಚಕ್ರ, ಅದರ ಜೊತೆಗಿರುವ ಡ್ರಮ್, ಹನ್ನೆರಡು ಗಂಟೆಗೆ ಒಂದು ಸುತ್ತು. ದಿನಕ್ಕೆ ಎರಡು. ವಾರಕ್ಕೆ ಹದಿನಾಲ್ಕು. ನನ್ನ ಇಡೀ ಲೆಕ್ಕ ನಿಂತಿದ್ದು ಈ ಹದಿನಾಲ್ಕರ ಮೇಲೆ.

ಆಮೇಲೆ ರಿಪೇರಿ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಗಡಿಯಾರ ಬಿಚ್ಚಿದವರಿಗೆಲ್ಲ ಗೊತ್ತಿರುವುದೇ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿದೆ. ಎರಡು ಅಚ್ಚುಗಳ ತೂತು ಸವೆದು ಮೊಟ್ಟೆಯಾಕಾರ ಆಗಿತ್ತು, ಹಿತ್ತಾಳೆ ಬುಷ್ ತಿರುಗಿಸಿ ಕೂರಿಸಿದೆ. ಚಕ್ರದ ಹಲ್ಲನ್ನು ಒಂದೊಂದಾಗಿ ತಡೆದು ಬಿಡುವ ಕೊಕ್ಕೆ, ಆ್ಯಂಕರ್ ಅಂತಾರೆ, ಅದರ ಎರಡೂ ತುದಿಯಲ್ಲಿ ಹಲ್ಲು ಬಡಿದು ಗೀರು ಬಿದ್ದಿತ್ತು, ಎಮರಿ ಕಾಗದದಿಂದ ತೇಯ್ದು ಹೊಳಪು ಕೊಟ್ಟೆ. ಲೋಲಕ ನೇತುಹಾಕುವ ತೆಳು ಸ್ಪ್ರಿಂಗ್ ತುಂಡಾಗಿತ್ತು. ಮೆಕ್ಯಾನಿಕ್‌ಗಳು ಸಂದು ಅಳೆಯಲು ಬಳಸುವ ಫೀಲರ್ ಗೇಜ್ ಇರುತ್ತಲ್ಲ, ಅದರ 0.10 ಮಿ.ಮೀ. ಎಲೆ ಕತ್ತರಿಸಿ ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಕೀಲಿ ಕೊಟ್ಟಾಗ ಡ್ರಮ್ ಹಿಂದಕ್ಕೆ ಓಡದ ಹಾಗೆ ತಡೆಯುವ ಕ್ಲಿಕ್‌ಗೆ ಸ್ಪ್ರಿಂಗ್ ಇರಲಿಲ್ಲ. ಆ್ಯಕ್ಸಾ ಬ್ಲೇಡಿನ ತುಂಡು ಸಾಕಾಯಿತು.

ಡ್ರಮ್ ಮಾತ್ರ ಹೊಸದು ಬೇಕು. ಪೀಣ್ಯದಲ್ಲಿ ಹಳೇ ಗೆಳೆಯನ ವರ್ಕ್‌ಶಾಪ್ ಇದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಲೇಥು ಖಾಲಿ ಇರುತ್ತೆ, ಬಾ ಅಂದ. ಅಲ್ಯೂಮಿನಿಯಂ ಸರಳು ಹಿಡಿದು ತಿರುಗಿಸಿದೆ. ಯಂತ್ರದ ಎರಡು ಫಲಕಗಳ ನಡುವೆ ಜಾಗ ಇದ್ದಿದ್ದೇ ಕಮ್ಮಿ, ಹಾಗಾಗಿ ಹಗ್ಗ ಸುತ್ತುವ ಅಗಲ 42 ಮಿ.ಮೀ. ವ್ಯಾಸ 48.

ಯಾಕೆ 48? ಇಲ್ಲಿದೆ ನನ್ನ ಜಾಣತನ. ನಮ್ಮ ಹಜಾರದ ಆ ಗೋಡೆಯುದ್ದಕ್ಕೂ ಎಂಟು ಅಡಿ ಎತ್ತರದಲ್ಲಿ ಸಜ್ಜಾ ಇದೆ, ಮೇಲೆ ದೀಪಾವಳಿ ಪಾತ್ರೆಗಳು. ರಾಟೆ ಸಜ್ಜಾದ ಅಡಿಗೇ ಬರಬೇಕು. ರಾಟೆ, ಕೊಕ್ಕೆ, ಗುಂಡು ಎಲ್ಲ ಕಳೆದು, ಗುಂಡಿನ ತಳದಿಂದ ನೆಲಕ್ಕೆ ಉಳಿದಿದ್ದು 214 ಸೆಂ.ಮೀ. ವ್ಯಾಸ 48 ಮಿ.ಮೀ. ಅಂದರೆ ಸುತ್ತಳತೆ 15.08 ಸೆಂ.ಮೀ. ಅದನ್ನು ಹದಿನಾಲ್ಕರಿಂದ ಗುಣಿಸಿದರೆ 211. ಮೂರು ಸೆಂಟಿಮೀಟರ್ ಉಳಿಯಿತು! ದಿನಕ್ಕೆ ಸರಿಯಾಗಿ 30.2 ಸೆಂ.ಮೀ. ಇಳಿತ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಫೋಟೊ ತೆಗೆದು ಮಗನಿಗೆ ಕಳಿಸಿದೆ. ಕೆಳಗೆ ‘ತೂತು ಬೇಡ’ ಅಂತಲೂ ಬರೆದೆ. ಆ ಫೋಟೊ ಇನ್ನೂ ಅವನ ಹತ್ತಿರ ಇದೆ. ಬೇಕಾದಾಗೆಲ್ಲ ತೋರಿಸುತ್ತಾನೆ.

ಗೋಡೆಗೆ ಏರಿಸಿದ್ದು

ಜೆಫರ್ಸನ್ ಹಾಗೆ ಬಾಗಿಲ ಮೇಲೇ ಇಡಬೇಕು ಅಂತ ಆಸೆ ಇತ್ತು. ಆದರೆ ನನ್ನ ಯಂತ್ರದ್ದು ಹೆಚ್ಚು ಕಡಿಮೆ ಒಂದು ಮೀಟರ್ ಲೋಲಕ. ಬಾಗಿಲ ಮೇಲಿಟ್ಟರೆ ಬರುವ ನೆಂಟರ ತಲೆಗೆಲ್ಲ ಬಡಿಯುತ್ತೆ. ಬಾಗಿಲ ಪಕ್ಕದ ಗೋಡೆಗೆ ತೇಗದ ಹಲಗೆ ಬಿಗಿದು, ಅದರ ಮೇಲೆ ಕೂರಿಸಿದೆ. ಹಗ್ಗ ಡ್ರಮ್ಮಿನಿಂದ ಮೇಲೆ ಹೋಗಿ, ಒಂದು ರಾಟೆ ಹಾದು, ಐದು ಅಡಿ ಅಡ್ಡಕ್ಕೆ ಓಡಿ, ಮೂಲೆಯ ರಾಟೆಯಿಂದ ಕೆಳಗಿಳಿಯುತ್ತೆ.

ಗುಂಡಿಗೆ ಫಿರಂಗಿ ಎಲ್ಲಿ ಹುಡುಕಲಿ? ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಶಾಟ್‌ಪುಟ್ ಗುಂಡು ತಂದೆ, ನಾಲ್ಕು ಕೆ.ಜಿ. “ಯಾರಿಗೆ ಸಾರ್, ಮೊಮ್ಮಗಳಿಗಾ?” ಅಂತ ಕೇಳಿದ ಅಂಗಡಿ ಹುಡುಗ. ಹೌದು ಅಂದೆ. ಗಡಿಯಾರಕ್ಕೆ ಅಂದರೆ ಕಥೆ ಉದ್ದ. ಬೀಡಿನ ಗುಂಡು, ಸುಲಭವಾಗಿ ಕೊರೆಯಿತು. ಎಂಟು ಮಿ.ಮೀ. ಕಣ್ಣಿನ ಬೋಲ್ಟ್ ಹಾಕಿದೆ. ಹಗ್ಗ 5 ಮಿ.ಮೀ. ದಪ್ಪದ ಹತ್ತಿ ಹಗ್ಗ. ತೆಳ್ಳಗಿನ ತಂತಿ ಹಾಕಿದರೆ ಆ ಹಜಾರದ ಕಳೆ ಬರುವುದಿಲ್ಲ, ಹಗ್ಗ ಅಂದರೆ ಹಗ್ಗದ ಹಾಗೆ ಕಾಣಬೇಕು ಅಂತ ಹಟ ಹಿಡಿದಿದ್ದೆ. ಎಡವಟ್ಟು ಶುರುವಾಗಿದ್ದು ಇಲ್ಲೇ.

ಮೊದಲು ಹಾಕಿದ್ದು ಬಾವಿ ರಾಟೆಯ ಮರಿ, ಕಬ್ಬಿಣದ್ದು. ಗಡಿಯಾರ ಹತ್ತು ನಿಮಿಷ ಓಡಿ ನಿಂತಿತು. ರಾಟೆಯ ತಿಕ್ಕಾಟವೇ ಗುಂಡಿನ ಅರ್ಧ ಬಲ ತಿನ್ನುತ್ತಿತ್ತು. ಬಾಲ್ ಬೇರಿಂಗ್ ಇರುವ ರಾಟೆ ಹಾಕಿದೆ. ಈಗ ಉಲ್ಟಾ: ಲೋಲಕ ಕುಡಿದವನ ಹಾಗೆ ಅಗಲಕ್ಕೆ ತೂಗಾಡಲು ಶುರು. ಬಲ ಜಾಸ್ತಿಯಾದರೆ ಹಲ್ಲು ಬೇಗ ಸವೆಯುತ್ತೆ. ಗುಂಡು ವಾಪಸ್ ಕೊಡಲು ಹೋದರೆ ತೂತು ಕೊರೆದ ಗುಂಡು ಯಾರು ತಗೋತಾರೆ? ಮೂರು ಕೆ.ಜಿ.ಯದು ಇನ್ನೊಂದು ತಂದೆ. ನಾಲ್ಕು ಕೆ.ಜಿ.ಯದು ಈಗ ಗೇಟು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡಲು ಉಪಯೋಗ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸ್ಟೂಲು ಹತ್ತಿ ಪೂರ್ತಿ ಕೀಲಿ ಕೊಟ್ಟೆ. ಮೊಮ್ಮಗಳು ದೇವರ ಮನೆಯ ಜಾಗಟೆ ತಂದು ಎಂಟು ಸಲ ಬಾರಿಸಿದಳು. ಗಂಟೆ ಹೊಡೆಯುವ ಚಕ್ರಗಳಿಲ್ಲದ ಗಡಿಯಾರಕ್ಕೆ ಅದೇ ವ್ಯವಸ್ಥೆ, ವಾರಕ್ಕೊಮ್ಮೆ ಮಾತ್ರ. ಮೂಲೆಯ ಗೋಡೆಗೆ ರಟ್ಟಿನ ಚೀಟಿ ಅಂಟಿಸಿದೆ: ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಎರಡು ಚೀಟಿಗಳ ನಡುವೆ 30.2 ಸೆಂ.ಮೀ., ಸ್ಕೇಲ್ ಹಿಡಿದು.

ಶನಿ ಕಾಟ

ಸೋಮವಾರ ಬೆಳಿಗ್ಗೆ ನೋಡಿದರೆ ಗುಂಡು ಇರಬೇಕಾದ್ದಕ್ಕಿಂತ ಒಂಬತ್ತು ಸೆಂ.ಮೀ. ಕೆಳಗೆ. ಹೊಸ ಹಗ್ಗ ಅಲ್ವಾ, ಜಗ್ಗಿದೆ ಅಂದುಕೊಂಡೆ. ಬುಧವಾರ ಬೆಳಿಗ್ಗೆ ಗುಂಡು ಇಳಿದಿದ್ದು 117. ಇಳಿಯಬೇಕಾಗಿದ್ದು ತೊಂಬತ್ತು ಚಿಲ್ಲರೆ. ಹೆಚ್ಚು ಕಡಿಮೆ ಗುರುವಾರದ ಪಕ್ಕ ಕೂತಿತ್ತು. ಗಡಿಯಾರದ ಗಂಟೆ ನೋಡಿದರೆ ಫೋನಿಗೆ ಸರಿಯಾಗಿ ಹೊಂದುತ್ತಿದೆ. ಗಂಟೆ ಸರಿ, ವಾರ ತಪ್ಪು! ಮೊಮ್ಮಗಳಿಗೆ ಖುಷಿಯೋ ಖುಷಿ. “ತಾತ, ನಾಳೆ ಗಡಿಯಾರದಲ್ಲಿ ಶುಕ್ರವಾರ, ಆಮೇಲೆ ಶನಿವಾರ, ಸ್ಕೂಲಿಗೆ ರಜ” ಅಂತ.

ಶನಿವಾರ ಬೆಳಿಗ್ಗೆ ಆದ ಕಥೆ ಮೊದಲೇ ಹೇಳಿದೆ.

ಹಗ್ಗದ ಮೇಲೇ ಅನುಮಾನ. ಬಿಚ್ಚಿ ನೀರಲ್ಲಿ ನೆನೆಸಿ, ಬಟ್ಟೆ ಒಣಗಿಸುವ ಕಂಬಿಗೆ ಕಟ್ಟಿ, ತುದಿಗೆ ಆ ನಾಲ್ಕು ಕೆ.ಜಿ. ಗುಂಡು ತೂಗುಬಿಟ್ಟೆ. ಎರಡು ದಿನ ಹಾಗೇ ಇತ್ತು. ಜಗ್ಗುವುದೆಲ್ಲ ಜಗ್ಗಲಿ ಅಂತ. ಮತ್ತೆ ಕಟ್ಟಿ ಭಾನುವಾರ ಕೀಲಿ ಕೊಟ್ಟೆ. ಮುಂದಿನ ಶನಿವಾರ ಮತ್ತೆ ಅದೇ. ಹತ್ತು ನಿಮಿಷ ಆಚೆ ಈಚೆ ಅಷ್ಟೆ.

ಪಕ್ಕದ ಮನೆಯವರು ಬಂದು ನೋಡಿ, “ನೆಲದಲ್ಲಿ ಒಂದು ಗುಂಡಿ ತೋಡಿಬಿಡಿ ಸಾರ್, ಮುಗೀತು” ಅಂದರು. ನಮ್ಮದು 1974ರ ರೆಡ್ ಆಕ್ಸೈಡ್ ನೆಲ. ಐವತ್ತು ವರ್ಷದಿಂದ ಒರೆಸಿ ಒರೆಸಿ ಕನ್ನಡಿ ಹಾಗೆ ಆಗಿದೆ. ನಮ್ಮವಳು ಅಡುಗೆಮನೆಯಿಂದಲೇ, “ಆ ನೆಲಕ್ಕೆ ಉಳಿ ತಾಗಿಸಿದ್ರೆ ನಿಮ್ಮನ್ನೂ ಅದೇ ಗುಂಡೀಲಿ ಕೂರಿಸ್ತೀನಿ” ಅಂದಳು. ಜೆಫರ್ಸನ್‌ಗೆ ಇಂಥ ಯಜಮಾನಿ ಇರಲಿಲ್ಲ. ಹಜಾರ ಎದ್ದು ನಿಲ್ಲುವ ಎಷ್ಟೋ ವರ್ಷ ಮೊದಲೇ ಹೆಂಡತಿ ತೀರಿಕೊಂಡಿದ್ದಳು ಪಾಪ.

ಮೂರನೇ ವಾರ ಬುದ್ಧಿ ಉಪಯೋಗಿಸಿದೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೀಟು ಎಳೆದೆ. ಬುಧವಾರದವರೆಗೆ ಮೂರು ದಿನ, ದಿನಕ್ಕೆ 39 ಸೆಂ.ಮೀ. ಬುಧವಾರದಿಂದ ಮುಂದೆ 33. ಹಗ್ಗ ಜಗ್ಗುವುದಾದರೆ ಒಂದೇ ಸಮ ಜಗ್ಗಬೇಕು ಅಥವಾ ದಿನ ಕಳೆದ ಹಾಗೆ ನಿಧಾನಕ್ಕೆ ಕಮ್ಮಿಯಾಗಬೇಕು. ಹೀಗೆ ಬುಧವಾರ ಬೆಳಿಗ್ಗೆ ಗೇರ್ ಬದಲಾಯಿಸಿದ ಹಾಗೆ ಯಾಕೆ ಬದಲಾಗುತ್ತೆ?

ಟಾರ್ಚ್ ಹಿಡಿದು ಮುಖದ ಹಲಗೆ ಬಿಚ್ಚಿ ಡ್ರಮ್ ನೋಡಿದೆ. ನೋಡಿ ಸ್ಟೂಲಿನ ಮೇಲೇ ಕೂತೆ.

ಡ್ರಮ್ಮಿನ ಅಗಲ 42 ಮಿ.ಮೀ. ಹಗ್ಗದ ದಪ್ಪ 5. ಒಂದು ಸಾಲಿಗೆ ಹಿಡಿಯುವುದು ಎಂಟೇ ಸುತ್ತು. ಹದಿನಾಲ್ಕರಲ್ಲಿ ಉಳಿದ ಆರು ಸುತ್ತು ಎಲ್ಲಿಗೆ ಹೋಗಬೇಕು? ಮೊದಲ ಸಾಲಿನ ಹೆಗಲ ಮೇಲೆ ಹತ್ತಿ ಕೂತಿವೆ. ಮೇಲಿನ ಸಾಲಿಗೆ ಡ್ರಮ್ ದಪ್ಪಗಾದ ಹಾಗೇ ಲೆಕ್ಕ. ಸುತ್ತಿಗೆ ಹತ್ತೊಂಬತ್ತೂವರೆ ಸೆಂ.ಮೀ. ಬಿಡುತ್ತೆ. ಕೊನೆಗೆ ಸುತ್ತಿದ್ದು ಮೊದಲು ಬಿಚ್ಚಿಕೊಳ್ಳುತ್ತೆ. ಆರು ಸುತ್ತು, ಮೂರು ದಿನ, ಬುಧವಾರ ಬೆಳಿಗ್ಗೆಗೆ ಸರಿಯಾಗಿ ಮುಗಿಯುತ್ತೆ. ಆಮೇಲೆ ಕೆಳಗಿನ ಸಾಲು.

ಸರಿ, ಆದರೆ ಕೆಳಗಿನ ಸಾಲಾದರೂ 15.08 ಬಿಡಬೇಕಿತ್ತಲ್ಲ? ದಿನಕ್ಕೆ 33 ಅಂದರೆ ಸುತ್ತಿಗೆ ಹದಿನಾರೂವರೆ ದಾಟಿದೆ. ಇದಕ್ಕೆ ಉತ್ತರ ಇನ್ನೂ ನಾಚಿಕೆಗೇಡು. ಹಗ್ಗ ಸುತ್ತಿದಾಗ ಅದರ ನಡುಗೆರೆ ಡ್ರಮ್ಮಿನ ಮೈಗೆ ಅಂಟಿಕೊಂಡಿರುವುದಿಲ್ಲ, ಹಗ್ಗದ ಅರ್ಧ ದಪ್ಪದಷ್ಟು ಆಚೆ ಇರುತ್ತೆ. ಎರಡು ಪಕ್ಕ ಸೇರಿದರೆ ಹಗ್ಗದ ಪೂರ್ತಿ ದಪ್ಪ. ನಿಜವಾದ ವ್ಯಾಸ 48 ಅಲ್ಲ, 53! ಬಾವಿ ಸೇದುವ ಯಾವ ಹೆಂಗಸಿಗೂ ಗೊತ್ತಿರುವ ವಿಷಯ: ಗಡಗಡೆಗೆ ಹಗ್ಗ ಸುತ್ತಿದಷ್ಟೂ ಅದು ದಪ್ಪ ಆಗುತ್ತೆ. ಒಟ್ಟು ಕೂಡಿಸಿದೆ. 133 ಸೇರಿಸು 117, 250 ಸೆಂ.ಮೀ. ನನ್ನ ಹತ್ತಿರ ಇದ್ದಿದ್ದು 214.

ಆ ರಾತ್ರಿ ಮಗನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕಿದ್ದು ಅಷ್ಟಿಷ್ಟಲ್ಲ. ಮಾಂಟಿಸೆಲೊದಲ್ಲಿ ಲೆಕ್ಕ ಎಲ್ಲಿ ತಪ್ಪಿತೋ ನನಗೆ ಗೊತ್ತಿಲ್ಲ, ಆದರೆ ನನ್ನದು ತಪ್ಪಿದ್ದು ಹಗ್ಗದ ದಪ್ಪದಲ್ಲಿ. ಅಷ್ಟು ಮಾತ್ರ ಗ್ಯಾರಂಟಿ.

ಸರಿ ಮಾಡಿದ್ದು

ಹಗ್ಗದ ಕಳೆ ಬಿಟ್ಟೆ. ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸ್ಟೀಲ್ ಎಳೆ ಹಗ್ಗ ಸಿಗುತ್ತೆ, 1.5 ಮಿ.ಮೀ. ದಪ್ಪ. ಹದಿನಾಲ್ಕು ಸುತ್ತಿಗೆ 21 ಮಿ.ಮೀ. ಸಾಕು, ಒಂದೇ ಸಾಲು. ಈ ಸಲ ಮೊದಲು ಲೆಕ್ಕ, ಆಮೇಲೆ ಕೆಲಸ. 48ಕ್ಕೆ 1.5 ಸೇರಿಸಿದರೆ 49.5. ವಾರಕ್ಕೆ 217.7 ಸೆಂ.ಮೀ. ಇನ್ನೂ ನಾಲ್ಕು ಸೆಂಟಿಮೀಟರ್ ಕಮ್ಮಿ ಬಿತ್ತು! ಹಾಗೇ ಬಿಟ್ಟಿದ್ದರೆ ಭಾನುವಾರ ಬೆಳಗಿನ ಜಾವ ಐದಕ್ಕೆ ನಿಲ್ಲುತ್ತಿತ್ತು. ಮತ್ತೆ ಪೀಣ್ಯ. ಎರಡು ಮಿ.ಮೀ. ಇಳಿಸಿ ಡ್ರಮ್ಮನ್ನು 46ಕ್ಕೆ ತಂದೆ. ಈಗ ವಾರಕ್ಕೆ 209, ದಿನಕ್ಕೆ 29.8. ಐದು ಸೆಂ.ಮೀ. ಉಳಿಕೆ. ಹಾಗೇ ಲೇಥಿನಲ್ಲಿ ಹಗ್ಗ ಕೂರಲು ಸಣ್ಣ ಕಾಲುವೆಗಳನ್ನೂ ಕೊರೆದೆ, ಒಂದರ ಮೇಲೊಂದು ಹತ್ತದ ಹಾಗೆ. ಹಳೇ ಇಂಗ್ಲಿಷ್ ಡ್ರಮ್‌ಗಳಲ್ಲಿ ಈ ಕಾಲುವೆ ಇರುತ್ತಿತ್ತು. ಅದು ಅಂದಕ್ಕೆ ಅಲ್ಲ ಅಂತ ಈಗ ಗೊತ್ತಾಯಿತು. ಕಾಲುವೆ ಆಳ ಎಷ್ಟೋ ಅಷ್ಟು ವ್ಯಾಸ ಇನ್ನೂ ಚೂರು ಕಮ್ಮಿಯಾಗುತ್ತೆ, ಅದು ನನ್ನ ಪಾಲಿಗೆ ಲಾಭವೇ.

ಆ ಶನಿವಾರ ಬೆಳಿಗ್ಗೆ ಐದೂವರೆಗೇ ಎದ್ದು ಹಜಾರಕ್ಕೆ ಬಂದೆ. ಲೈಟ್ ಹಾಕಲಿಲ್ಲ. ಟಿಕ್ ಟಿಕ್ ಕೇಳುತ್ತಿತ್ತು. ಆರಕ್ಕೆ ಇಪ್ಪತ್ತು ನಿಮಿಷ, ದಾಟಿತು. ಆರು, ದಾಟಿತು. ಹಾಲಿನವನು ಬಂದ. ಭಾನುವಾರ ಎಂಟಕ್ಕೆ ಗುಂಡಿನ ತಳ ನೆಲದಿಂದ ನಾಲ್ಕು ಬೆರಳು ಮೇಲೆ ತೂಗುತ್ತಿತ್ತು. ಬಗ್ಗಿ ಅಡಿಯಲ್ಲಿ ಕೈ ತೂರಿಸಿ ನೋಡಿದೆ. ತೂರಿತು.

ಇನ್ನು ಗಂಟೆಯ ನಿಖರತೆ. ಸೆಕೆಂಡಿಗೆ ಒಂದು ಸಲ ತೂಗುವ ಲೋಲಕದ ಉದ್ದ ಊರಿಂದ ಊರಿಗೆ ಬೇರೆ. ಭೂಮಿಯ ಸೆಳೆತ ಭೂಮಧ್ಯರೇಖೆಯ ಕಡೆ ಬಂದಷ್ಟೂ, ಎತ್ತರಕ್ಕೆ ಹೋದಷ್ಟೂ ಕಮ್ಮಿ. ಬೆಂಗಳೂರಿನಲ್ಲಿ ಈ ಉದ್ದ ಷಾರ್ಲಟ್ಸ್‌ವಿಲ್‌ಗಿಂತ ಸುಮಾರು 2 ಮಿ.ಮೀ. ಗಿಡ್ಡ. ಅಲ್ಲಿ ಸರಿಯಾಗಿ ಓಡುವ ಲೋಲಕವನ್ನು ಹಾಗೇ ಇಲ್ಲಿಗೆ ತಂದರೆ ದಿನಕ್ಕೆ ಒಂದೂವರೆ ನಿಮಿಷದಷ್ಟು ಹಿಂದೆ ಬೀಳುತ್ತೆ. ಜೆಫರ್ಸನ್‌ಗೂ ಇದು ಚೆನ್ನಾಗಿ ಗೊತ್ತಿತ್ತು. 1790ರಲ್ಲಿ ತನ್ನ ದೇಶಕ್ಕೆ ಹೊಸ ಅಳತೆಮಾನ ಸೂಚಿಸುವಾಗ, ಸೆಕೆಂಡಿಗೊಮ್ಮೆ ತೂಗುವ ಕಬ್ಬಿಣದ ಸರಳನ್ನೇ ಉದ್ದದ ಮೂಲ ಅಳತೆ ಮಾಡೋಣ ಅಂದ. ಯಾವ ಅಕ್ಷಾಂಶದಲ್ಲಿ ತೂಗಬೇಕು ಅಂತಲೂ ಹೇಳಿದ, 45 ಡಿಗ್ರಿ. ಸಂಸತ್ತು ಒಪ್ಪಲಿಲ್ಲ, ಅವರು ಇವತ್ತಿಗೂ ಅಡಿ ಇಂಚಿನಲ್ಲೇ ಇದ್ದಾರೆ. ಇಷ್ಟು ಸೂಕ್ಷ್ಮ ಯೋಚಿಸಿದ ಮನುಷ್ಯನ ಮನೆಯಲ್ಲೇ ಶನಿವಾರಕ್ಕೆ ಜಾಗ ಸಾಲಲಿಲ್ಲ ನೋಡಿ. ಅದಕ್ಕೇ ಆತನ ಮೇಲೆ ನನಗೆ ಈಗ ಸಿಟ್ಟಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ.

ಲೋಲಕದ ತಳದ ತಿರುಪು 3 ಮಿ.ಮೀ. ಬೋಲ್ಟಿನದು, ಒಂದು ಸುತ್ತಿಗೆ ಅರ್ಧ ಮಿ.ಮೀ. ಏರುತ್ತೆ. ಅಂದರೆ ದಿನಕ್ಕೆ 22 ಸೆಕೆಂಡ್ ವ್ಯತ್ಯಾಸ. ಕಾಲು ಸುತ್ತು, ಅರೆಕಾಲು ಸುತ್ತು ಅಂತ ಹತ್ತು ದಿನ ಆಡಿದೆ. ಕೊನೆಗೆ ದಿನಕ್ಕೆ ಏಳು ಸೆಕೆಂಡ್ ನಿಧಾನದಲ್ಲಿ ಬಂದು ನಿಂತಿತು. ಅದಕ್ಕಿಂತ ಸಣ್ಣಗೆ ತಿರುಪು ತಿರುಗಿಸಲು ನನ್ನ ಬೆರಳು ಕೇಳಲಿಲ್ಲ, ವಯಸ್ಸಾಯಿತಲ್ಲ.

ಲಂಡನ್ನಿನ ದೊಡ್ಡ ಗಡಿಯಾರಕ್ಕೆ ಲೋಲಕದ ಮೇಲೆ ಹಳೇ ಪೆನ್ನಿ ನಾಣ್ಯ ಇಟ್ಟು ಸಮಯ ಸರಿ ಮಾಡುತ್ತಾರೆ ಅಂತ ಕಾರ್ಖಾನೆಯಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದರು. ಲೋಲಕದ ತುದಿಯಲ್ಲಿ ಭಾರದ ಬಟ್ಟು ಇರುತ್ತಲ್ಲ, ಅದರ ನೆತ್ತಿಯ ಮೇಲೆ ತೂಕ ಇಟ್ಟರೆ ಒಟ್ಟು ಭಾರದ ನಡು ಚೂರು ಮೇಲಕ್ಕೆ ಹೋಗುತ್ತೆ, ಲೋಲಕ ಗಿಡ್ಡ ಆದ ಹಾಗೆ, ಓಟ ಚೂರು ಜೋರು. ಮೊಮ್ಮಗಳ ಡಬ್ಬಿಯಲ್ಲಿ ಆ ಐದು ಸೆಂಟ್ ನಾಣ್ಯ ಇತ್ತು, ಅವಳಪ್ಪ ಕೊಟ್ಟಿದ್ದು. ಸರಿಯಾಗಿ 5 ಗ್ರಾಂ ತೂಕ. ನನ್ನ ಬಟ್ಟು ಒಂದೂವರೆ ಕೆ.ಜಿ. ಬಟ್ಟಿನ ಮೇಲೆ ಸಣ್ಣ ತಟ್ಟೆ ಕೂರಿಸಿ ನಾಣ್ಯ ಇಟ್ಟೆ. ಮಾರನೆಯ ದಿನ ಫೋನಿನ ಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಸೆಕೆಂಡಿನೊಳಗೆ. ಈಗ ಮಾಂಟಿಸೆಲೊ ಮನೆ ನಮ್ಮ ಹಜಾರದಲ್ಲಿ ಇಡೀ ದಿನ ಅತ್ತಿಂದಿತ್ತ ತೂಗುತ್ತಿದೆ. ಬಾಡಿಗೆಗೆ ಅಂತ ಮೊಮ್ಮಗಳಿಗೆ ತಿಂಗಳಿಗೆ ಒಂದು ಚಾಕೊಲೇಟ್ ಕೊಡಬೇಕು.

ಇನ್ನೂ ಉಳಿದಿರುವ ಕೊರತೆ: ಕೀಲಿ ಕೊಡುವ ಅರ್ಧ ನಿಮಿಷ ಗುಂಡಿನ ಬಲ ತಪ್ಪುತ್ತೆ, ಗಡಿಯಾರ ತಡವರಿಸುತ್ತೆ. ಅದಕ್ಕೆ ಒಂದು ಸ್ಪ್ರಿಂಗ್ ಏರ್ಪಾಟು ಬೇಕು, ಮಾಡಬಹುದು. ಅದಕ್ಕಿಂತ ಮಾಂಟಿಸೆಲೊದ ಪಡಸಾಲೆಯಲ್ಲಿ ಜೋಡಿ ಬಾಗಿಲು ನೋಡಿದ್ದೆ. ಒಂದನ್ನು ತಳ್ಳಿದರೆ ಇನ್ನೊಂದು ತಾನೇ ತೆರೆಯುತ್ತೆ, ನೆಲದಡಿಯಲ್ಲಿ ಎಂಟರ ಆಕಾರದಲ್ಲಿ ಸುತ್ತಿದ ಸರಪಳಿ. ದೇವರ ಮನೆ ಬಾಗಿಲಿಗೆ ಚೆನ್ನಾಗಿರುತ್ತೆ ಅಂತ ಮೆಲ್ಲಗೆ ಬಾಯಿ ಬಿಟ್ಟೆ. “ನೆಲದಡಿಯಲ್ಲಿ ಅಂದ್ರಾ?” ಅಂತ ಅಡುಗೆಮನೆಯಿಂದ ಪ್ರಶ್ನೆ ಬಂತು. ಆ ವಿಷಯ ಅಲ್ಲಿಗೇ ನಿಂತಿದೆ.

ರಟ್ಟಿನ ಚೀಟಿ ಕಿತ್ತು ವಾರಗಳ ಹೆಸರನ್ನು ಗೋಡೆಯ ಮೇಲೆ ನೇರ ಪೋಸ್ಟರ್ ಬಣ್ಣದಲ್ಲಿ ಬರೆಸಿದೆ, ಮೊಮ್ಮಗಳ ಕೈಯಲ್ಲಿ. ಭಾನು ಸಜ್ಜಾದ ಹತ್ತಿರ. ಶನಿ ನೆಲದಿಂದ ಒಂದು ಗೇಣು ಮೇಲೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಮೊನ್ನೆ ನೆಲ ಒರೆಸುವಾಗ ಒದ್ದೆ ಬಟ್ಟೆ ಗೋಡೆಗೂ ತಗುಲಿ ‘ಶ’ ಪೂರ್ತಿ ಹೋಗಿದೆ. ‘ನಿ’ ಒಂದೇ ಉಳಿದಿದೆ. ನಾಳೆ ಎನಾಮಲ್ ಪೇಂಟು ತರಬೇಕು.